ಅಂಟಿಕೊಂಡ ನಲವತ್ತೆರಡನೇ ಪುಟ

ಫೆಬ್ರವರಿ 30, 2193

ಮುತ್ತಜ್ಜಿ ಗೌರವ್ವನಿಗೆ ಮುಗಿಲವ್ವನ ನಮಸ್ಕಾರ.

ಈ ತಾರೀಕು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಇರಲಾರದು, ನಮ್ಮಲ್ಲಿದೆ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ನಿನ್ನ ಮರಿಮಗಳ ಮೊಮ್ಮಗಳು. ಗದಗಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದ ನೀನು ಐವತ್ತೆರಡನೇ ವಯಸ್ಸಿನಲ್ಲಿ ಜಾವಾಸ್ಕ್ರಿಪ್ಟ್ ಕ್ಲಾಸಿಗೆ ಸೇರಿ ಬರೆದ ನೋಟ್‌ಬುಕ್ ನನ್ನ ಹತ್ತಿರ ಇದೆ. ಆ ಭಾಷೆ ಇನ್ನೂ ಸತ್ತಿಲ್ಲ. ಹೊಸಬರಿಗೆ ಅದನ್ನು ಹೇಳಿಕೊಡುವುದೇ ನನ್ನ ಕಸುಬು.

ನಮ್ಮೂರಿನ ನೀರು ಮಂಜುಗೊಯ್ಲಿನದು, ಅಂದರೆ ನಸುಕಿನಲ್ಲಿ ಗುಡ್ಡದ ಮೇಲೆ ಬಲೆ ಬಿಚ್ಚಿ ಮಂಜು ಹಿಡಿದದ್ದು. ಬಲೆ ಎಷ್ಟು ಬಿಚ್ಚಬೇಕೆಂಬ ಲೆಕ್ಕವನ್ನು ಬಲೆಯವರೇ ಯಂತ್ರಕ್ಕೆ ಬರೆದುಕೊಡಬೇಕು. ಪಕ್ಕದಲ್ಲಿ ಕೂತು ಕಲಿಸುವ ನಾವು ಕೈ ಕಟ್ಟಿಕೊಂಡಿರಬೇಕು, ಯಂತ್ರದ ಕೀಲಿಮಣೆ ಮುಟ್ಟುವಂತಿಲ್ಲ. ಇದಕ್ಕೆ ಕೈಕಟ್ಟು ಎನ್ನುತ್ತೇವೆ. ನನ್ನ ಶಿಷ್ಯೆ ನೀಲವ್ವನಿಗೆ ಅರವತ್ತೊಂದು. ಗುರುವಾರ ಲೆಕ್ಕ ಬರೆದು ತೋರಿಸದಿದ್ದರೆ ಅವಳು ಮೂವತ್ತು ವರ್ಷ ನೋಡಿಕೊಂಡ ಬಲೆ ಬೇರೆಯವರ ಪಾಲಾಗುತ್ತದೆ. ಮೊನ್ನೆ ಹನ್ನೆರಡು ಮೊಳಕ್ಕೆ ಮೂರು ಕೂಡಿಸಿದಳು, ಯಂತ್ರ 123 ಅಂದಿತು. "ನನ್ನ ತಲಿಯೊಳಗ ಬರೇ ಮಣ್ಣೈತಿ, ಸಾಕು ಬಿಡವ್ವ" ಎಂದು ಎದ್ದೇಬಿಟ್ಟಳು. ಬಿಡಿಸಿ ಹೇಳಲು ಹೋದರೆ ಕೂರಲೇ ಇಲ್ಲ.

ಆಗ ನಿನ್ನ ನಲವತ್ತೊಂದನೇ ಪುಟ ತೋರಿಸಿದೆ. ಎದೆಸುತ್ತು 34, ಸಡಿಲಕ್ಕೆ 2, ಉತ್ತರ 342. ಕೆಳಗೆ ನಿನ್ನ ಬರಹ: "ಇಷ್ಟ ದೊಡ್ಡ ಕುಪ್ಪಸ ಗೋಳಗುಮ್ಮಟಕ್ಕ ಹೊಲೀಬೇಕು. ನಾಳಿಂದ ಕ್ಲಾಸಿಗೆ ಹೋಗಂಗಿಲ್ಲ." ನೀಲವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು, "ಮತ್ತ ಹೊಳ್ಳಿ ಹೋದಳೇನು?"

ನನಗೆ ಗೊತ್ತಿಲ್ಲ, ಅಜ್ಜಿ. ಆ ಹಾಳೆಯ ಬೆನ್ನಿನಿಂದ ಆಚೆಗೆ ನೋಟ್‌ಬುಕ್ ಅಂಟಿಕೊಂಡು ಇಟ್ಟಿಗೆಯಾಗಿದೆ. ನೀನು ಸೀರೆಗೆ ಹಾಕುತ್ತಿದ್ದ ಗಂಜಿ ಚೆಲ್ಲಿರಬೇಕು. ಗುರುವಾರ ಬೆಳಿಗ್ಗೆ ಹಬೆ ಹಿಡಿದು ಇಬ್ಬರೂ ಕೂಡಿ ಬಿಡಿಸುತ್ತೇವೆ. ನಲವತ್ತೆರಡನೇ ಪುಟದಲ್ಲಿ ನಿನ್ನ ಲೆಕ್ಕವಿದ್ದರೆ ತಾನೂ ಕೂರುತ್ತೇನೆ ಎಂದಿದ್ದಾಳೆ.

ಹಾಗಾಗಿ ಕೇಳು. ತಪ್ಪು ನಿನ್ನ ತಲೆಯದ್ದಲ್ಲ. ಪರದೆಯ ಚೌಕದಲ್ಲಿ ನೀನು ತುಂಬಿದ್ದನ್ನು ಯಂತ್ರ ಸಂಖ್ಯೆ ಅಂದುಕೊಳ್ಳುವುದಿಲ್ಲ, ಬರೀ ಅಕ್ಷರ ಅಂದುಕೊಳ್ಳುತ್ತದೆ; ಎರಡು ತುಂಡು ಬಟ್ಟೆ ಜೋಡಿಸಿದಂತೆ 34ರ ಪಕ್ಕ 2 ಇಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ನಂಬರ್ ಎಂಬ ಪದ ಬರೆದು ಅದರ ಮುಂದಿನ ಕಂಸದೊಳಗೆ ಹಾಕಿ, ಆಮೇಲೆ ಕೂಡಿಸು. ಕೂಡಿಸಿದ ಮೇಲೆ ಹಾಕಿದರೆ ಮತ್ತೆ ಗುಮ್ಮಟದ ಅಳತೆಯೇ ಬರುತ್ತದೆ. ಕೀಲಿ ಒತ್ತುವವಳು ನೀನೇ. ನೂರೆಪ್ಪತ್ತು ವರ್ಷ ದೂರದಿಂದ ನನ್ನ ಕೈ ಹೇಗೂ ಮುಟ್ಟದು.

ನಿನ್ನನ್ನು ನೋಡದೆಯೇ ನಿನ್ನ ಮೇಲೆ ಜೀವ ಇಟ್ಟುಕೊಂಡಿದ್ದೇನೆ. ನಾಳೆ ಕ್ಲಾಸಿಗೆ ಹೋಗು, ಬಂದು ಆ ಪುಟದಲ್ಲಿ 36 ಎಂದು ಬರೆ, ಅಷ್ಟು ಸಾಕು. ಖಾಲಿ ಬಿಟ್ಟೆಯೋ, ನೀಲವ್ವ ಬರುವ ಮೊದಲೇ ಹಾಳೆ ಬಿಡಿಸಿ ನಿನ್ನ ಕೈಬರಹದಲ್ಲಿ ನಾನೇ ಬರೆದಿಡುವವಳು. ನಿನ್ನ 3 ಈಗಾಗಲೇ ತಿದ್ದಿ ಕಲಿತಿದ್ದೇನೆ. ನಿನ್ನ 6 ಇನ್ನೂ ಕೈಗೆ ಹತ್ತಿಲ್ಲ. ಇಷ್ಟು ವರ್ಷ ಕಟ್ಟಿಕೊಂಡ ಈ ಕೈಯಿಂದ ಸುಳ್ಳು ಬರೆಸಬೇಡ, ಅಜ್ಜಿ.

ನಿನ್ನ ಮುಗಿಲವ್ವ