ಅಪ್ಪ ಆಡದ ಮಾತು

ಮಕ್ತಲ್
27 ಮೇ 2034, ಶನಿವಾರ ಮಧ್ಯಾಹ್ನ

ಪ್ರೀತಿಯ ಶ್ರೀನಣ್ಣಾ,

ಅಪ್ಪನ ತಲೆಯೊಳಗಿದ್ದ ಮಾತನ್ನು, ಅಪ್ಪ ಯಾರಿಗೂ ಹೇಳದ ಮಾತನ್ನು, ಕಂಪನಿ ಕದ್ದಿತು. ಆ ಮಾತು ನೀನು ಅಡಗಿದ್ದ ಜಾಗ. ಕಳ್ಳರಿಗೆ ಬಾಗಿಲು ತೆಗೆದುಕೊಟ್ಟವಳು ನಾನು. ಇದನ್ನು ಮೊದಲು ಬರೆಯದೆ ನಿನ್ನ ಕ್ಷೇಮ ಕೇಳಲು ನನಗೆ ಮುಖವಿರಲಿಲ್ಲ. ಈಗ ಕೇಳುತ್ತೇನೆ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಈ ಬಿಸಿಲಿಗೆ ನಿನಗೆ ಪ್ರತಿ ವರ್ಷ ಮೂಗಿನಿಂದ ರಕ್ತ ಬರುತ್ತದೆ, ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡಿರಲಿ ಎಂದು ಅವ್ವ ಮೂರು ಸಲ ಹೇಳಿ ಕಳಿಸಿದ್ದಾಳೆ. ತಾನು ಚೆನ್ನಾಗಿದ್ದೇನೆ ಎಂದು ಬರೆ ಅಂದಳು, ಬರೆದಿದ್ದೇನೆ. ನೀನು ನಂಬಬೇಕಾಗಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಸಂಘದ ಓದುವ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯುವಂತಿಲ್ಲ. ಅಪ್ಪನ ಕಣ್ಣಿಗೆ ಈ ಕಾಗದ ಬಿದ್ದರೆ ಅದು ಅಪ್ಪನ ಮನಸ್ಸಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ರಾಜೋಳಿಯಿಂದ ಎಂಕಮ್ಮತ್ತೆ ಬಂದಿದ್ದಾಳೆ. ಕಾಗದ ಕೊಟ್ಟರೆ ನಿನಗೆ ಮುಟ್ಟಿಸುತ್ತೇನೆ ಅಂದಳು. ನೀನೀಗ ಎಲ್ಲಿದ್ದೀಯೆಂದು ನಾನು ಕೇಳಲಿಲ್ಲ. "ಕೇಳಿದ್ರೂ ಹೇಳಂಗಿಲ್ಲವ್ವ. ಮಂದಿ ಮನ್ಯಾಗ ಗ್ವಾಡಿಗೆ ಕಿವಿ ಇರ್ತಾವ. ನಿಮ್ಮ ಮನ್ಯಾಗ ಮಿದುಳಿಗೇ ಬಾಯಿ ಬಂದೈತಿ" ಅಂದಳು. ಅವಳ ಗಂಡ ಕುರುಮಯ್ಯ ಮಾವನಿಗೆ ಪೊಲೀಸರು ಹೊಡೆದ ಏಟಿಗೆ ಎಡಗಿವಿ ಕೇಳಿಸುತ್ತಿಲ್ಲವಂತೆ. ನಾನು ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡು, "ಕಾಲು ಮುಟ್ಟಿದ್ರ ಕಿವಿ ಬರ್ತೈತೇನು? ಏಳು, ಬರೆಯೋದು ಬರಿ" ಅಂದಳು.

ನಡೆದದ್ದು ನಿನಗೆ ಅರ್ಧ ಗೊತ್ತು, ಅರ್ಧ ಬೇರೆಯವರ ಬಾಯಿಂದ ಬಂದಿರುತ್ತದೆ. ಮೊದಲಿನಿಂದ ಬರೆಯುತ್ತೇನೆ, ನಾನೂ ನನಗೆ ಸುಳ್ಳು ಹೇಳಿಕೊಳ್ಳಬಾರದಲ್ಲ. ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತು ಎರಡು ವರ್ಷವಾಗಿತ್ತು. ನಾರಾಯಣಪೇಟೆಯಲ್ಲಿ ಕಂಪನಿಯ ಉಚಿತ ಕ್ಯಾಂಪ್ ಬಂದಾಗ ನೀನು ಬೇಡವೆಂದೆ. ಪುಕ್ಕಟೆ ಕೊಡುವವನು ಏನನ್ನಾದರೂ ಒಯ್ಯುತ್ತಾನೆ ಎಂದೆ. ವಿಜ್ಞಾನ ಶ್ರೀಮಂತರ ಮನೆಯ ಆಳಲ್ಲ, ಬಡವರ ಹಕ್ಕು ಎಂದು ನಾನು ಕರಪತ್ರ ಓದಿದಂತೆ ನಿನ್ನ ಮುಖಕ್ಕೇ ಓದಿದೆ. ನಲವತ್ತು ಪುಟದ ಇಂಗ್ಲಿಷ್ ಒಪ್ಪಂದಕ್ಕೆ, ಅದರ ಮೇಲಿದ್ದ ಒಂದು ಪುಟ ತೆಲುಗು ಓದಿ, ಸಹಿ ಹಾಕಿದೆ. ಹಕ್ಕು ಎಂಬ ಮಾತನ್ನು ನಾನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಓದದೆ ಸಹಿ ಹಾಕುವ ಹಕ್ಕು ನನಗಿರಲಿಲ್ಲ.

ಕಿವಿಯ ಹಿಂದೆ ಮೂಳೆಯೊಳಗೆ ಒಂದು ರೂಪಾಯಿ ಅಗಲದ ಬಿಲ್ಲೆ, ಅದರಿಂದ ಮಿದುಳಿಗಿಳಿದ ಕೂದಲಿನಂಥ ಎಳೆಗಳು, ಸೊಂಟಕ್ಕೆ ಮಾತಾಡುವ ಪೆಟ್ಟಿಗೆ. ಬೀರಪ್ಪನ ಗುಡಿಯಲ್ಲಿ ಅಪ್ಪ ಹಾಡಿದ್ದ ಹಳೆಯ ವಿಡಿಯೊದಿಂದ ಅವನ ದನಿಯನ್ನೇ ತೆಗೆದು ಪೆಟ್ಟಿಗೆಗೆ ಕೊಟ್ಟಿದ್ದರು. ಮೊದಲ ಮಾತು ನಿನಗೆ ನೆನಪಿದೆಯಲ್ಲ? "ಹಣಮವ್ವ, ಎರಡು ವರ್ಸ ನೀನೊಬ್ಬಾಕಿನೇ ಮಾತಾಡೀದಿ. ಈಗರ ಸುಮ್ನಿರು." ಅವ್ವ ಅಳುತ್ತ ಬೈದಳು. ನೀನು ಬಾಗಿಲ ಹೊರಗೆ ಹೋಗಿ ನಿಂತೆ. ಆ ತಿಂಗಳೇ ನೀನೂ ಅದೇ ಕಂಪನಿಯಲ್ಲಿ ಪೆಟ್ಟಿಗೆ ರಿಪೇರಿಗೆ ಸೇರಿಕೊಂಡೆ. ನಾನು ಗೆದ್ದೆ ಅಂದುಕೊಂಡೆ. ನಾನು ಬೀಗುವುದನ್ನು ನೋಡಿ ಅಪ್ಪ ಅಂದ: "ನೀನೂ ತೆಲಂಗಾಣಾನೂ ಒಂದೇ ವರ್ಸ ಹುಟ್ಟೀರಿ. ಇಪ್ಪತ್ತು ತುಂಬಾಕ ಬಂದ್ವು. ಇಬ್ಬರಿಗೂ ಭಾಷಣ ಬರ್ತೈತಿ, ಬುದ್ಧಿ ಇನ್ನ ಬರಬೇಕು."

ಯುಗಾದಿಯ ಮಾರನೆಯ ದಿನ ನೀನು ನನ್ನನ್ನು ಕಾಲುವೆ ಏರಿಗೆ ಕರೆದುಕೊಂಡು ಹೋಗಿ ಹೇಳಿದೆ. ಪೆಟ್ಟಿಗೆ ಆಡುವುದು ಆ ಮನುಷ್ಯ ಆಡಬೇಕೆಂದ ಮಾತನ್ನು ಮಾತ್ರ, ಆದರೆ ಬಿಲ್ಲೆ ಬರೆದುಕೊಳ್ಳುವುದು ಅವನ ಮನಸ್ಸಿನಲ್ಲಿ ಹಾದುಹೋದ ಎಲ್ಲವನ್ನೂ. ಮಕ್ತಲ್, ನರ್ವ, ಧರೂರು, ಗದ್ವಾಲ ಸೇರಿ ನೂರಿಪ್ಪತ್ತು ರೋಗಿಗಳ ಮನಸ್ಸು ಹೈದರಾಬಾದಿನ ಒಂದು ಕೋಣೆಯಲ್ಲಿ ಕೂಡಿಬೀಳುತ್ತಿದೆ, ಬೇಕೆಂದವರಿಗೆ ಮಾರಾಟವಾಗುತ್ತಿದೆ. ಅದರ ಒಂದು ಪ್ರತಿಯನ್ನು ಸಾಕ್ಷಿಗೆಂದು ತೆಗೆದುಕೊಂಡು ನೀನು ಅಂದೇ ಹೊರಟುಹೋದೆ. ಕಂಪನಿ ನಿನ್ನ ಮೇಲೆ ಕಳ್ಳತನದ ಕೇಸು ಹಾಕಿತು. ಊರವರ ಮನಸ್ಸು ಕದ್ದವರು ಫಿರ್ಯಾದಿ, ಕದ್ದದ್ದನ್ನು ತೋರಿಸಹೊರಟವನು ಆರೋಪಿ. ಇದನ್ನೇ ಕರಪತ್ರ ಮಾಡಿ ಗದ್ವಾಲದ ಬಸ್ಸುಗಳಲ್ಲಿ ಹಂಚಿದೆ. ಜನ ಓದಿದರು, ಮಡಚಿದರು, ಅದರಲ್ಲಿ ಮಿರ್ಚಿ ಬಜ್ಜಿಯ ಎಣ್ಣೆ ಒರೆಸಿಕೊಂಡರು.

ಈಗ ನನ್ನ ತಪ್ಪು. ಹೋದ ವಾರ ಹೈದರಾಬಾದಿನ ವಕೀಲರೊಬ್ಬರು ನಿನ್ನ ಕೇಸು ಹಿಡಿಯಲು ಒಪ್ಪಿದರು. ವಕಾಲತ್ತಿಗೆ ನಿನ್ನ ಸಹಿ ಬೇಕು, ಬೇಗ ಬೇಕು ಅಂದರು. ನೀನೆಲ್ಲಿದ್ದೀಯೆಂದು ಯಾರಿಗೂ ಗೊತ್ತಿಲ್ಲ. ಅಪ್ಪನಿಗೇನಾದರೂ ಹೇಳಿ ಹೋಗಿರಬಹುದೇ ಎಂದು ನನಗೆ ಅನ್ನಿಸಿತು. ಮಂಗಳವಾರ ಬೆಳಿಗ್ಗೆ ಅಪ್ಪನ ಸೊಂಟದಿಂದ ಪೆಟ್ಟಿಗೆ ಬಿಚ್ಚಿದೆ, ಬ್ಯಾಟರಿ ತೆಗೆದೆ, ಅದನ್ನು ಹೊರಗೆ ಒಯ್ದು ಜೋಳದ ಡಬ್ಬಿಯಲ್ಲಿ ಹೂತೆ. ಇಷ್ಟು ಮಾಡಿದ ಮೇಲೆ ಕೇಳುವ ಕಿವಿ ಇಲ್ಲ ಎಂದುಕೊಂಡೆ. ಆಮೇಲೆ ಬೀರಪ್ಪನನ್ನಿಟ್ಟ ಗೋಡೆಯ ಮಾಡದಿಂದ ಭಂಡಾರ ತಂದು ಅಪ್ಪನ ಹಣೆಗೆ ಹಚ್ಚಿದೆ. ನಮ್ಮ ಮಂದಿಯಲ್ಲಿ ಹಣೆಗೆ ಆ ಅರಿಸಿನದ ಪುಡಿ ಬಿದ್ದ ಮೇಲೆ ಯಾರೂ ಸುಳ್ಳಾಡುವುದಿಲ್ಲ, ಕುರಿ ಕದ್ದವನೂ ಒಪ್ಪಿಕೊಳ್ಳುತ್ತಾನೆ. ದೇವರನ್ನು ನಂಬದ ನಾನು ಅಪ್ಪನ ನಂಬಿಕೆಯನ್ನು ಸಲಾಕೆಯ ಹಾಗೆ ಬಳಸಿದೆ. ಅಣ್ಣ ಎಲ್ಲಿದ್ದಾನೆಂದು ಗೊತ್ತಿದ್ದರೆ ಕಣ್ಣು ಮುಚ್ಚು ಎಂದೆ. ಅಪ್ಪ ಮುಚ್ಚಲಿಲ್ಲ. ರೆಪ್ಪೆ ಅಲುಗಿಸದೆ ನನ್ನನ್ನೇ ನೋಡುತ್ತಿದ್ದ, ಕಣ್ಣಲ್ಲಿ ನೀರು ತುಂಬುವವರೆಗೂ ನೋಡಿದ. ಗೊತ್ತಿಲ್ಲ ಎಂದು ತಿಳಿದುಕೊಂಡೆ. ಸಂಜೆ ಅಪ್ಪನಿಗೆ ನೀರು ಕೇಳಲೂ ಆಗುತ್ತಿಲ್ಲವೆಂದು ಪೆಟ್ಟಿಗೆಯನ್ನು ಮತ್ತೆ ಕಟ್ಟಿದೆ.

ಬಿಲ್ಲೆಗೆ ತನ್ನದೇ ನೆನಪಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಇಲ್ಲದಾಗ ಅದು ಎಲ್ಲವನ್ನೂ ಕೂಡಿಟ್ಟುಕೊಂಡು, ಮತ್ತೆ ಕಟ್ಟಿದ ಕ್ಷಣ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹೈದರಾಬಾದಿಗೆ ಒಪ್ಪಿಸಿಬಿಡುತ್ತದಂತೆ. ಬುಧವಾರ ಸೂರ್ಯ ಹುಟ್ಟುವ ಮೊದಲೇ ರಾಜೋಳಿಯಲ್ಲಿ, ಹೊಳೆದಂಡೆಯ ಎಂಕಮ್ಮತ್ತೆಯವರ ಕುರಿಹಟ್ಟಿಯಲ್ಲಿ, ಪೊಲೀಸರ ಎರಡು ಜೀಪು. ಹಿಂದಿನ ಸಂಜೆಯೇ ನೀನು ಅಲ್ಲಿಂದ ಎದ್ದಿದ್ದು ಯಾರ ಪುಣ್ಯವೋ. ನೀನು ಸಿಗದ ಸಿಟ್ಟಿಗೆ ಮಾವನನ್ನು ಹೊಡೆದರು. ಸುದ್ದಿ ಮುಟ್ಟಿದಾಗ ನಾನು ಅಪ್ಪನ ಮುಂದೆ ಹೋಗಿ ಇದ್ದದ್ದನ್ನು ಹೇಳಿದೆ. ಆಮೇಲೆ ಅಪ್ಪ ಅಂದ: "ಅವ ರಾಜೋಳ್ಯಾಗ ಅದಾನಂತ ನನಗ ಯಾರೂ ಹೇಳಿದ್ದಿಲ್ಲವ್ವ. ನಾ ಓಡಿದ್ರ ಎಲ್ಲಿಗೆ ಹೋಗ್ತಿದ್ದೆ ಅಂತ ನೋಡ್ಕೊಂಡೆ. ವಯಸಿನ್ಯಾಗ ನಾನೂ ಅಲ್ಲೇ ಕುರಿ ನಿಲ್ಲಿಸ್ತಿದ್ದೆ. ನೀ ಹಂಗೇ ಕೇಳಿದ್ರ ಮನಸ್ಸು ಬ್ಯಾರೆ ಕಡೆ ಹೊಳ್ಳಿಸ್ತಿದ್ದೆ. ಭಂಡಾರ ಹಚ್ಚಿ ಕೇಳಿದಿ. ಹೊಳ್ಳಿಸಾಕ ಬರಲಿಲ್ಲ." ತಿಳಿದದ್ದಕ್ಕೂ ಊಹಿಸಿದ್ದಕ್ಕೂ ಆ ಬಿಲ್ಲೆಗೆ ವ್ಯತ್ಯಾಸವಿಲ್ಲ ಅಣ್ಣಾ. ಮಗನ ಬಗ್ಗೆ ತಂದೆಯ ಊಹೆ ತಪ್ಪುವುದಿಲ್ಲ ಎಂಬುದು ಮಾತ್ರ ಕಂಪನಿಗೆ ಗೊತ್ತಿತ್ತು.

ಅಂದೇ ಅಪ್ಪ, "ಇವತ್ತಿಂದ ನನಗ ಮಗ ಇಲ್ಲ. ಅವನ ಹೆಸರು ನನ್ನ ಮುಂದ ಯಾರೂ ತೆಗೀಬ್ಯಾಡ್ರಿ" ಅಂದ. ಎಂಕಮ್ಮತ್ತೆ ಇದನ್ನು ನಿನಗೆ ಹೇಳಿಯೇ ಹೇಳುತ್ತಾಳೆ. ಸಿಟ್ಟೆಂದು ತಿಳಿಯಬೇಡ. ಅದೊಂದೇ ಅಪ್ಪನಿಗೆ ಉಳಿದ ಬೇಲಿ. ಅವ್ವ ನಿನ್ನ ಫೋಟೊವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದಾಳೆ. ನಿನ್ನ ತಾಟನ್ನು ಅಟ್ಟಕ್ಕೆ ಹಾಕಿದ್ದಾಳೆ. ನೀನು ನೆನಪಾಗುವ ಹೊತ್ತಿಗೆ ಸರಿಯಾಗಿ ಅಪ್ಪ ಬೀರಪ್ಪನ ಪದ ಶುರುಮಾಡುತ್ತಾನೆ. ಪದ ಮುಗಿದರೆ ತಾನು ಸಾಕಿದ್ದ ಕುರಿಗಳ ಹೆಸರು: ಕರಿಮೂತಿ, ಮೋಟಗಿವಿ, ಕುಂಟಿ, ಗೌಡತಿ. ದಿನವಿಡೀ ಪೆಟ್ಟಿಗೆ ಇದನ್ನೇ ಹೇಳುತ್ತದೆ. ನಿನ್ನೆ ಕಂಪನಿಯಿಂದ ಫೋನ್ ಬಂತು, "ಮೀ ನಾನ್ನಗಾರು", ನಿಮ್ಮ ತಂದೆಯವರು, ಬರೀ ಕುರಿಗಳ ಹೆಸರು ಹೇಳುತ್ತಿದ್ದಾರೆ, ಯಂತ್ರ ಕೆಟ್ಟಿರಬೇಕು, ಮನುಷ್ಯನನ್ನು ಕಳಿಸುತ್ತೇವೆ ಅಂದರು. ಯಂತ್ರ ಚೆನ್ನಾಗಿದೆ, ಕೆಟ್ಟಿರುವುದು ನೀವು ಎಂದೆ. ಅಪ್ಪ ನಗುವಾಗ ಪೆಟ್ಟಿಗೆಗೆ ನಗು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಕುಣಿಯಿತು.

ಆದರೆ ಹೀಗೆ ಎಷ್ಟು ದಿನ? ಅಪ್ಪನಿಗೆ ನಿದ್ದೆಯಿಲ್ಲ, ಕಣ್ಣು ಮುಚ್ಚಲು ಹೆದರುತ್ತಾನೆ. ಪೆಟ್ಟಿಗೆ ಬಿಸಾಡಿದರೂ ಉಪಯೋಗವಿಲ್ಲ, ಅಂಥ ಇನ್ನೊಂದು ತಂದು ಹತ್ತಿರ ಹಿಡಿದರೆ ಬಿಲ್ಲೆ ಎಲ್ಲವನ್ನೂ ಉಗುಳುತ್ತದೆ. ಅಪ್ಪನೇ ಹೇಳಿದ, ಕಿತ್ತಿಸಿಬಿಡ್ರಿ ಎಂದು. ಗದ್ವಾಲದ ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಎಳೆಗಳು ಮಿದುಳಿಗೆ ಹತ್ತಿಕೊಂಡಿವೆ, ಕಿತ್ತರೆ ಮುಂದೆಂದೂ ಇನ್ನೊಂದನ್ನು ಹಾಕಲು ಬರುವುದಿಲ್ಲ, ಮಾತು ಅಲ್ಲಿಗೆ ಮುಗಿಯಿತು ಅಂದರು. ಮೂರು ಸಲ ಕೇಳಿದರು, ಮೂರು ಸಲವೂ ಅಪ್ಪ ಹೂಂ ಅಂದ. ನಾನು ಅಲ್ಲೇ ಕೂಗಾಡಿದೆ, ಕೀಳಬೇಕಾದದ್ದು ಕಂಪನಿಯನ್ನು, ಅಪ್ಪನ ಮಾತನ್ನಲ್ಲ ಎಂದು. ಅಪ್ಪ ಅಂದ: "ನಿನ್ನ ಕರಪತ್ರ ಗೆಲ್ಲೂತನ ನಾ ಇರಂಗಿಲ್ಲವ್ವ. ನೀ ಹೊಡದಾಡು, ಬಿಡಬ್ಯಾಡ. ಸದ್ಯಕ್ಕ ನಾ ಬಾಯಿ ಮುಚ್ಕೋತೀನಿ."

ಬರುವ ಬುಧವಾರ, ಮೂವತ್ತೊಂದಕ್ಕೆ ಆಪರೇಷನ್. ಆಸ್ಪತ್ರೆಯಿಂದ ಬಂದಾಗಿನಿಂದ ಅವ್ವ ಕೆಲಸವಿಲ್ಲದಿದ್ದರೂ ಅಂಗಳಕ್ಕೆ ಹೋಗಿ ನಿಲ್ಲುತ್ತಾಳೆ. ಅಪ್ಪ "ಹಣಮವ್ವ" ಎಂದು ಕೂಗುತ್ತಾನೆ. ಮೊದಲ ಸಲಕ್ಕೆ ಓಗೊಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ, "ಕೇಳಿಸ್ತು, ಕಿವುಡಿ ಅಲ್ಲ ನಾನು" ಎಂದು ಬೈಯುತ್ತ ಒಳಗೆ ಬರುತ್ತಾಳೆ. ನಿನಗೆ ಮಾತ್ರ ಅಪ್ಪನ ಕೊನೆಯ ಮಾತೊಂದು ಇಲ್ಲ ಅಣ್ಣಾ. ನಾನೂ ಕೇಳಲಿಲ್ಲ. ಒಂದು ಮಾತು ನಿನಗೆಂದು ತೆಗೆದಿಡಬೇಕಾದರೆ ಅಪ್ಪ ನಿನ್ನನ್ನು ನೆನೆಯಬೇಕು, ನೆನೆದರೆ ಅದು ಅವರ ಕೈಗೆ ಹೋಗುತ್ತದೆ. ಇರುವ ಇಷ್ಟು ದಿನದ ಮಾತನ್ನೆಲ್ಲ ಅಪ್ಪ ನಿನ್ನನ್ನು ನೆನೆಯದಿರಲು ಖರ್ಚು ಮಾಡುತ್ತಿದ್ದಾನೆ. ಅದನ್ನೇ ನಿನಗೆ ಬಂದ ಮಾತೆಂದು ತಿಳಿದುಕೋ. ಬೇರೇನು ಹೇಳಲಿ ನಾನು?

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಕುರುಮಯ್ಯ ಮಾವನ ಕಿವಿ, ಅಪ್ಪನ ಮಾತು, ಇವೆರಡರ ಮೇಲೆ ನಿಂತು ಕ್ಷಮೆ ಕೇಳುವುದು ಅಗ್ಗದ ಮಾತು. ಕೇಸು ನಡೆಸುತ್ತೇನೆ. ಇನ್ನು ಮೇಲೆ ಪೂರ್ತಿ ಓದದ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ, ಓದಿಕೊಡದೆ ಊರಲ್ಲಿ ಯಾರಿಂದಲೂ ಹಾಕಿಸಗೊಡುವುದಿಲ್ಲ. ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ. ಮೈ ಜೋಪಾನ.

ನಿನ್ನ ತಂಗಿ,
ಹರಿತಾ

ತಾ.ಕ.: ಎಂಕಮ್ಮತ್ತೆಯ ಬಸ್ಸು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬುಧವಾರಕ್ಕಿಂತ ಮೊದಲು, ಏನೇ ಕೇಳಿದರೂ, ನೀನು ಬರಬೇಡ. ಬಿಲ್ಲೆ ಹೊರಗೆ ಬಂದ ಮೇಲೆ ಅಪ್ಪ ನಿನ್ನನ್ನು ಎಷ್ಟು ಬೇಕಾದರೂ ನೋಡಬಹುದು, ಯಾರಿಗೂ ತಿಳಿಯುವುದಿಲ್ಲ. ನೀನು ಬರುವುದು ಅಪ್ಪನಿಗೆ ಗೊತ್ತಿಲ್ಲ, ಗೊತ್ತಾಗಬಾರದು. ಅಪ್ಪ ನಿನ್ನ ಹೆಸರು ಹಿಡಿದು ಕರೆಯಲಾರ, ನೀನೇ ಅಪ್ಪಾ ಎಂದು ಕರೆ. ವಕಾಲತ್ತು ನನ್ನ ಕೈಯಲ್ಲಿರುತ್ತದೆ. ರಾಜ್ಯದ ಹುಟ್ಟುದಿನದ ಪರೇಡಿಗೆ ಪೊಲೀಸರೆಲ್ಲ ಮೈದಾನದಲ್ಲಿರುತ್ತಾರೆ. ಗದ್ವಾಲ, ಆಸ್ಪತ್ರೆಯ ಹಿಂದಿನ ಗೇಟು, ಬಟ್ಟೆ ಒಣಗಿಸುವ ಕಡೆ. ಜೂನ್ ಎರಡು, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.