ಮಲಗಿ ಆರಿಸಿದ ಡ್ರಿಲ್

ಅಕ್ಕಾ, ಭಾವಾ, ಮನೆಯಲ್ಲಿ ನೆರೆದಿರುವ ಸಮಸ್ತ ಬಂಧುಗಳೇ, ಸದ್ದು ಮಾಡದೆ ಕೇಳಿ!

ನಿಲ್ಲಿಸಿದಲ್ಲೆಲ್ಲ ನಾವು ಮಲಗಿ ಎದ್ದು ಊರು ಸುತ್ತುವ ಮನೆಗಾಡಿ ಅಲುಗದಂತೆ ಅದರ ನಾಲ್ಕು ಕಬ್ಬಿಣದ ಕಾಲುಗಳನ್ನು ಕೈಯಿಂದ ತಿರುಗಿಸಿ ಇಳಿಸಿ ನನ್ನ ಭುಜ ಊದಿಕೊಂಡಿತು. "ಇನ್ನೊಂದ್ಸಲ ತಿರುಗಿಸಿದ್ರೆ ವಾಪಸ್ ಊರಿಗೇ" ಎಂದಳು ನನ್ನವಳು. ಸರಿ, ಕಾಲುಗಳ ತಿರುಪನ್ನು ಕೈಯ ಬದಲು ತಿರುಗಿಸಲು ಬ್ಯಾಟರಿ ಡ್ರಿಲ್ ಕೊಳ್ಳಲು ಹೋದೆವು. ಅಂಗಡಿಯಲ್ಲೇ ದೊಡ್ಡದನ್ನು ಗದೆಯಂತೆ ಎತ್ತಿ ಗರ್ಜಿಸಿದೆ. ಅಂಗಡಿಯಾಕೆ ನೆಲ ತೋರಿಸಿ, "ಯಜಮಾನ್ರೇ, ಗಾಡಿ ಕೆಳಗೆ ಮಲಗೋ ಹಾಗೆ ಮಲಗಿ, ಕೈ ಚಾಚಿ ಹಿಡೀರಿ" ಎಂದರು. ಹತ್ತು ಎಣಿಸುವುದರೊಳಗೆ ಗದೆ ಎದೆಯ ಮೇಲೆ ಬಿತ್ತು!

"ಸಾಯೋ ಸೀನು ಮುಗೀತಾ? ಇದನ್ನ ಹಿಡೀರಿ" ಎಂದು ನನ್ನವಳು ಅರ್ಧ ತೂಕದ್ದನ್ನು ಕೈಗಿಟ್ಟಳು. ನೂರು ಎಣಿಸಿದರೂ ಕೈ ನಡುಗಲಿಲ್ಲ. ಗಾಡಿಯ ಬ್ಯಾಟರಿಯಲ್ಲೇ ಚಾರ್ಜೂ ಆಗುತ್ತದೆ. ಅದನ್ನೇ ಕೊಂಡೆವು. ಭುಜದ ಊತ ಇಳಿಯುತ್ತಿದೆ, ಚಿಂತೆ ಬೇಡ. ಈ ಅಂಚೆ ಕಾರ್ಡಿನಲ್ಲಿ ಇನ್ನು ಬರೆಯಲು ಜಾಗವಿಲ್ಲ. ನಾಳೆ ಬೆಳಗ್ಗೆ ನಾಲ್ಕೂ ಕಾಲು ಡ್ರಿಲ್ಲಿನಿಂದಲೇ ಎತ್ತಿ, ಗಾಡಿಯನ್ನು ಬೆಟ್ಟದ ದಾರಿಗೆ ಏರಿಸುತ್ತೇನೆ!

ನಿನ್ನ ತಮ್ಮ