ಅರಳಿಕಟ್ಟೆಯ ವೈಫೈ

ತೂಬಗೆರೆ, ಮಂಗಳವಾರ

ಚಿಕ್ಕಮ್ಮ, ನಮಸ್ಕಾರ.

ಇಲ್ಲಿ ಪಂಚಾಯಿತಿಯ ಉಚಿತ ವೈಫೈ ಬಂದಿದೆ. ಸಿಗ್ನಲ್ ಸಿಗುವುದು ಅರಳಿಕಟ್ಟೆಯ ಮೇಲೆ ಮಾತ್ರ. ಅಲ್ಲಿ ಹೆಂಗಸರು ಕೂರುವ ಪದ್ಧತಿಯೇ ಇಲ್ಲ! ಸಾರ್ವಜನಿಕ ಎಂದರೆ ಎಲ್ಲರದೂ ಎಂದು ವಾರವಿಡೀ ವಾದಿಸಿದೆ, ಗಂಡಸರು ಅಲ್ಲಾಡಲಿಲ್ಲ. ಇವತ್ತು ನಾನಿರುವ ಮನೆಯ ಮುತ್ಯಾಲಮ್ಮ, ಸೂರತ್‌ನಲ್ಲಿ ಹುಟ್ಟಿದ ಮೊಮ್ಮಗಳನ್ನು ವಿಡಿಯೋದಲ್ಲಿ ನೋಡಲು ಫೋನ್ ಹಿಡಿದು ನೇರವಾಗಿ ಕಟ್ಟೆ ಹತ್ತಿದರು.

“ಏನಕ್ಕಾ, ಕಟ್ಟೆ ಮೇಲೇ ಬಂದ್ಬಿಟ್ಟೆ?” ಎಂದರು ಅಲ್ಲಿ ಕೂತಿದ್ದ ಹಿರಿಯ ಪಿಳ್ಳಪ್ಪ.

“ಜರುಗಪ್ಪಾ. ಮಗು ನಿನ್ ಮುಖಾನೂ ನೋಡ್ಲಿ.”

ಪಿಳ್ಳಪ್ಪ ಜರುಗಿ, ಮೀಸೆ ತೀಡಿಕೊಂಡು ಫೋನಿಗೆ ಇಣುಕಿದರು. ಈಗ ಬೀದಿಯ ಹೆಂಗಸರೆಲ್ಲ ಅಲ್ಲೇ ಕೂತಿದ್ದಾರೆ.

ನನ್ನ ಕೆಮ್ಮು ವಾಸಿಯಾಗಿದೆ, ಕಷಾಯದ ಪುಡಿ ಕಳಿಸಬೇಡ. ಕಟ್ಟೆಯಲ್ಲಿ ನನಗೇ ಜಾಗವಿಲ್ಲ, ನಿಂತುಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಪ್ರಮೋದಾ